ದೊರೆಯ ಬಟ್ಟಲಿಗೆ ಬಿದ್ದ ನೀರು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಉನಿನೆ ಮೂರು ಒಗಟು ಹಾಕುತ್ತಾಳೆ. ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಜೊತೆಗೆ ಕೇಳಿದ ಒಂದು ವರ. ತಪ್ಪಿದವನ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ ಹುಣ್ಣಿಮೆಗೆ ಊರ ನಡುಬಾಗಿಲಿಗೆ ಗೋಡೆ ಕಟ್ಟಿ ಮುಚ್ಚಲಾಗುವುದು. ದೊರೆ ಬೈಸೆತಾಸನ ಅಪ್ಪಣೆ!"

ಡಂಗುರ ಕೇಳಿ ಆಡು ಕಾಯುವ ಬಿಲೋಸ ದಾರಿಯಲ್ಲೇ ನಿಂತ. ಸ್ಪೇನಿನ ಆ ಕಡಲೂರಲ್ಲಿ ಗೋಡೆಯ ಈಚೆ ಸ್ಪೇನಿನವರು, ಆಚೆ ಹಡಗೇರಿ ಬಂದು ನೆಲೆಸಿದ ಗ್ರೀಕರು. ನಡುವೆ ಒಂದೇ ಬಾಗಿಲು. ಬಿಲೋಸನ ಅಪ್ಪ ಈಚೆಯವನು, ಅವ್ವ ಮಿರ್ತೊ ಆಚೆಯವಳು. ಆಚೆ ಹಾಸಿಗೆ ಹಿಡಿದ ದೊಡ್ಡಮ್ಮನಿಗೆ ದಿನಾ ಸಾರು ಒಯ್ಯುವುದು ಅವನ ಕೆಲಸ. ಸಂಜೆ ಅವ್ವ ಹೋಗಿ ಅಕ್ಕನ ತಲೆ ಬಾಚಿ ಬರುತ್ತಿದ್ದಳು. ಬಾಗಿಲು ಮುಚ್ಚಿದರೆ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡುವಂತಿರಲಿಲ್ಲ.

ಇಷ್ಟಕ್ಕೂ ಆದದ್ದೇನು ಅಂತೀರಿ? ಔತಣದಲ್ಲಿ ಗ್ರೀಕ್ ಹಿರಿಯನೊಬ್ಬ ದೊರೆಯ ದ್ರಾಕ್ಷಾರಸಕ್ಕೆ ಮರ್ಯಾದೆಯಿಂದಲೇ ನೀರು ಸುರಿದ. ಗ್ರೀಕರಲ್ಲಿ ನೀರು ಬೆರೆಸದೆ ಕುಡಿಯುವವನು ಕಾಡುಮನುಷ್ಯ. ಈಚೆಯವರಲ್ಲಿ ನೀರು ಬೆರೆಸುವವನು ಜಿಪುಣ. "ನನ್ನ ಮನೆಯಲ್ಲೇ ನನ್ನನ್ನು ಜಿಪುಣ ಅಂದನೇ! ಮುಚ್ಚಿಸಿ ಆ ಬಾಗಿಲು!" ಎಂದು ದೊರೆ ಕೆಂಡಾಮಂಡಲವಾದ. ಮಗಳು ಕಾಲು ಹಿಡಿದು, ಮೊದಲು ನನ್ನ ಒಗಟಾಗಲಿ ಎಂದು ತಡೆದಳು.

ಬಿಲೋಸ ಸಾರಿನ ಗಡಿಗೆ ಹಿಡಿದೇ ಅರಮನೆಗೆ ಓಡಿದ.

ಉನಿನೆ ಮೊದಲ ಒಗಟು ಹಾಕಿದಳು. "ಹಡಗಲ್ಲಿ ಕಡ್ಡಿಯಾಗಿ ಬಂತು, ನಮ್ಮ ಗುಡ್ಡದಲ್ಲಿ ಬೇರುಬಿಟ್ಟಿತು. ಹೊಡೆದರೆ ಮಕ್ಕಳನ್ನು ಉದುರಿಸುತ್ತದೆ, ಆ ಮಕ್ಕಳನ್ನು ಅರೆದರೆ ಮನೆ ಬೆಳಗುತ್ತದೆ. ಏನದು?"

ಹಡಗಿನ ಸಾಹುಕಾರ ಲಿಕೋನ್ ಮೀಸೆ ತಿರುವಿದ. "ಇನ್ನೇನು, ನಮ್ಮ ಗ್ರೀಕರ ವಿದ್ಯೆ!"

"ಥೂ! ನಮ್ಮ ಗೂಳಿ!" ಎಂದ ಸ್ಪೇನಿನ ದಳಪತಿ ಸೋಸಿನ.

"ಗೂಳಿ ಹಡಗಲ್ಲಿ ಕಡ್ಡಿಯಾಗಿ ಬಂತೇನಯ್ಯಾ?" ಎಂದು ದೊರೆಯೇ ಹಣೆ ಚಚ್ಚಿಕೊಂಡ. ಇಬ್ಬರನ್ನೂ ತಲೆ ಕಡಿಯುವ ಕೊಡಲಿಯವನ ಪಕ್ಕ ಕೂರಿಸಿದರು. ಅಲ್ಲೂ ಅವರ ಜಗಳ ನಿಲ್ಲಲಿಲ್ಲ.

ಬಿಲೋಸ ಗಡಿಗೆಯೊಳಗೆ ಇಣುಕಿದ. "ಸಾರಿನ ಮೇಲೆ ಎಣ್ಣೆ ತೇಲುತ್ತಿದೆಯಲ್ಲ, ಅದರದೇ ಮರ. ಆಲಿವ್! ಬಡಿದರೆ ಕಾಯಿ ಉದುರುತ್ತೆ, ಅರೆದರೆ ದೀಪಕ್ಕೆ ಎಣ್ಣೆ. ಸಸಿ ಅವ್ವನ ಕಡೆಯವರದು, ಗುಡ್ಡ ಅಪ್ಪನ ಕಡೆಯವರದು."

"ಸರಿ," ಎಂದು ಉನಿನೆ ಎರಡನೆಯದನ್ನು ಹಾಕಿದಳು. "ನಮ್ಮ ಗುಡ್ಡದಲ್ಲಿ ಅದನ್ನು ಆಡೂ ಮೂಸುವುದಿಲ್ಲ. ಕಡಲಿಗಿಳಿದರೆ ಹಡಗನ್ನೇ ಹಿಡಿದು ನಿಲ್ಲಿಸುತ್ತದೆ."

"ಎಸ್ಪಾರ್ಟೊ ಹುಲ್ಲು! ನನ್ನ ಆಡುಗಳು ಅದನ್ನು ಕಂಡರೆ ಮುಖ ತಿರುಗಿಸುತ್ತವೆ. ಗ್ರೀಕರು ಅದನ್ನೇ ಹೊಸೆದು ಹಗ್ಗ ಮಾಡಿ ಹಡಗನ್ನು ದಡಕ್ಕೆ ಬಿಗಿಯುತ್ತಾರೆ."

ಮೂರನೆಯದಕ್ಕೆ ಉನಿನೆಯ ದನಿ ಸಣ್ಣಗಾಯಿತು. "ಎರಡು ಮನೆಗೆ ಒಂದೇ ಬಾಯಿ. ಅದು ಮುಚ್ಚಿದರೆ ಎರಡಕ್ಕೂ ಉಪವಾಸ. ಕಲ್ಲು ಕಟ್ಟುವವನು ಅಲ್ಲಿ ಮಾತ್ರ ಏನನ್ನೂ ಕಟ್ಟದೆ ಬಿಟ್ಟರೇ ಅದು ಹುಟ್ಟುತ್ತದೆ."

ಬಿಲೋಸನಿಗೆ ತಲೆಬುಡ ತಿಳಿಯಲಿಲ್ಲ. ಕೊಡಲಿಯವನು ಎದ್ದು ನಿಂತ. ಗಡಿಗೆ ಬೇರೆ ತಣ್ಣಗಾಗುತ್ತಿತ್ತು.

"ಬೇಗ ಹೇಳೋ!" ಎಂದ ದೊರೆ.

"ಹೇಳ್ತೀನಿ ದೊರೆ, ಆದರೆ ಈ ಸಾರು... ಯಾರಾದರೂ ದೊಡ್ಡಮ್ಮನಿಗೆ ಮುಟ್ಟಿಸಿ. ಪಾಪ, ಹಸಿದು ಬಾಗಿಲನ್ನೇ ನೋಡ್ತಾ..." ಮಾತು ಅಲ್ಲೇ ನಿಂತಿತು. "ಅಯ್ಯೋ, ಬಾಗಿಲು! ನೀವು ಮುಚ್ಚಿಸ್ತಿರೋ ಆ ಬಾಗಿಲೇ!"

ದೊರೆ ಮಗಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಒಗಟು ನನಗೇ ಹಾಕಿದ್ದೀಯಲ್ಲೇ, ಕಳ್ಳಿ," ಎಂದ ದೊರೆ. ಅವನಿಗೆ ನಾಚಿಕೆಯಾಗಿತ್ತು. "ವರ ಕೇಳಪ್ಪ."

"ಬಾಗಿಲು ತೆರೆದಿರಲಿ. ಕೊಡಲಿಯ ಪಕ್ಕ ಕೂತ ಇವರಿಬ್ಬರ ತಲೆಯೂ ಇದ್ದಲ್ಲೇ ಇರಲಿ."

"ಅದು ಎರಡಾಯ್ತು!"

"ಒಂದು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ," ಎಂದು ಉನಿನೆ ಗಡಿಗೆಯ ಇನ್ನೊಂದು ಕಿವಿ ಹಿಡಿದಳು. ದೊರೆ ತನ್ನ ಬಟ್ಟಲಿಗೆ ತಾನೇ ಒಂದು ಹನಿ ನೀರು ಹಾಕಿಕೊಂಡು, ಕುಡಿದು, ಮುಖ ಕಿವಿಚಿದ. ಅಷ್ಟರಲ್ಲಿ ಬಿಲೋಸ, ಉನಿನೆ ಇಬ್ಬರೂ ನಡುಬಾಗಿಲು ದಾಟಿಯಾಗಿತ್ತು.

ದೊಡ್ಡಮ್ಮ ರಾಜಕುಮಾರಿಯ ಕೈಯಿಂದಲೇ ಒಂದು ಗುಟುಕು ಕುಡಿದು ಬಿಲೋಸನನ್ನು ಗದರಿದಳು.

"ಆರಿಹೋಗಿದೆ ಕಣೋ. ನಾಳೆ ಬೇಗ ತಾ."