ಶುಕ್ರವಾರದ ಸಹಿ

ಶಿಷ್ಯ ಕೇಳಿದ: "ಗುರುಗಳೇ, ಬೇರೆ ಮತದಿಂದ ಬಂದವನೊಬ್ಬ ನಮ್ಮ ಆಶ್ರಮದಲ್ಲಿ ಇರುತ್ತೇನೆ ಎನ್ನುತ್ತಾನೆ. ತಾನೂ ನಮ್ಮವನೇ ಎನ್ನುತ್ತಾನೆ. ಅವನನ್ನು ಹೇಗೆ ಪರೀಕ್ಷಿಸಲಿ?"

"ಪರೀಕ್ಷಿಸುವ ಆಸೆ ನಿನಗೆ ಬಹಳ. ಹಾಗಾದರೆ ಕೇಳು" ಎಂದು ಗುರು ಹೇಳತೊಡಗಿದರು.

ಒಂದು ಬಂದರಿನ ಊರಿನಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಯಹೂದಿಗಳ ಧರ್ಮ ಆಕೆಯ ಮನಸ್ಸಿಗೆ ಹಿಡಿಸಿತು. ತನ್ನನ್ನೂ ಸೇರಿಸಿಕೊಳ್ಳಿ ಎಂದು ಅವರ ಧರ್ಮಗುರುವನ್ನು ಕೇಳಿದಳು. ಹಾಗೆ ಬಂದವರನ್ನು ಮೂರು ಸಲ ಹಿಂದೆ ಕಳಿಸುವುದು ಅವರ ಪದ್ಧತಿ. ಆತ ಮೂರು ಸಲ ಕಳಿಸಿದ. ಆಕೆ ನಾಲ್ಕನೆಯ ಸಲ ಬಂದಳು. ವರ್ಷಗಟ್ಟಲೆ ಕಲಿತಳು, ಅವರ ವಿಧಿಯಂತೆ ನೀರಿನಲ್ಲಿ ಮುಳುಗಿ ಎದ್ದಳು, ಯಹೂದಿಯಾದಳು. ಒಡಹುಟ್ಟಿದವರು ಆಕೆಯ ಜೊತೆ ಮಾತು ಬಿಟ್ಟರು.

ಮುಂದೆ ಆ ಊರಿನ ಯಹೂದಿಗಳೆಲ್ಲ ತಮ್ಮ ನಾಡಿಗೆ ಹೊರಟರು. ಹುಟ್ಟಿನಿಂದಾಗಲಿ, ಸೇರಿಕೊಂಡಾಗಲಿ, ಯಹೂದಿಯಾದವರಿಗೆ ಆ ನಾಡು ಪೌರತ್ವ ಕೊಡುತ್ತಿತ್ತು. ಅವರೆಲ್ಲ ಹೋದರೆ ಊರಿನಲ್ಲಿ ಆಕೆಗೆ ತನ್ನವರೆಂಬವರು ಯಾರೂ ಇಲ್ಲ. ಆಕೆಯೂ ಅರ್ಜಿ ಹಾಕಿದಳು.

ಅರ್ಜಿ ನೋಡಲು ಆ ನಾಡಿನ ಅಧಿಕಾರಿಯೊಬ್ಬ ಬಂದ. ಅವನು ಹುಟ್ಟು ಯಹೂದಿ. ಈಕೆ ಪೌರತ್ವದ ಆಸೆಗೆ ಮತ ಬದಲಿಸಿದವಳು ಎಂದು ಅವನ ಗುಮಾನಿ. ಐದು ದಿನ ಬಾಗಿಲ ಹೊರಗೆ ಕೂರಿಸಿದ. ಕೊನೆಯ ದಿನ ಶುಕ್ರವಾರ, ಎಲ್ಲರದೂ ಮುಗಿದ ಮೇಲೆ ಒಳಗೆ ಕರೆದ. ಈಕೆ ಯಹೂದಿಯೆಂದು ಧರ್ಮಗುರು ಬರೆದುಕೊಟ್ಟ ಪತ್ರವನ್ನು ತಿರುವಿ ತಿರುವಿ ನೋಡಿದ. ಪ್ರಾರ್ಥನೆ ಹೇಳಿಸಿದ. ಎಲ್ಲೂ ತಪ್ಪು ಸಿಗಲಿಲ್ಲ. ಬೇಸತ್ತು ಅರ್ಜಿಯ ಕಾಗದವನ್ನೂ ಪೆನ್ನನ್ನೂ ಮುಂದಕ್ಕೆ ತಳ್ಳಿದ.

"ಬೇಗ ಸಹಿ ಹಾಕಮ್ಮ. ನನ್ನ ಹಡಗು ಹೊರಡುವ ಹೊತ್ತಾಯಿತು."

ಆಕೆ ಕಿಟಕಿಯತ್ತ ನೋಡಿದಳು. ಸೂರ್ಯ ಮುಳುಗಿದ್ದ. ಶುಕ್ರವಾರ ಸೂರ್ಯ ಮುಳುಗಿದನೆಂದರೆ ಯಹೂದಿಗಳಿಗೆ ಸಬ್ಬತ್, ವಿಶ್ರಾಂತಿಯ ದಿನ. ಮರುದಿನ ಕತ್ತಲಾಗುವವರೆಗೆ ಒಂದಕ್ಷರವನ್ನೂ ಬರೆಯುವಂತಿಲ್ಲ. ಆಕೆ ಪೆನ್ನು ಮುಟ್ಟಲಿಲ್ಲ.

"ಹಾಕದಿದ್ದರೆ ನಿನ್ನ ಅರ್ಜಿ ತಿರಸ್ಕಾರವಾಗುತ್ತದೆ. ಒಂದು ಸಹಿ ತಾನೇ?" ಎಂದ ಅಧಿಕಾರಿ.

"ಆಗಲಿ ಸ್ವಾಮಿ. ಯಹೂದಿ ಎನಿಸಿಕೊಳ್ಳುವುದಕ್ಕಾಗಿ ನಮ್ಮ ಸಬ್ಬತ್ತನ್ನು ನಾನು ಮುರಿಯುವುದಿಲ್ಲ. ಮೂರು ಸಲ ಹಿಂದೆ ಕಳಿಸಿದವರ ಬಾಗಿಲಿಗೇ ನಾಲ್ಕನೆಯ ಸಲ ಹೋದವಳು ನಾನು. ನೀವು ಕಳಿಸುತ್ತಿರುವುದು ಇದು ಮೊದಲನೆಯ ಸಲ."

ಹಾಗೆಂದು ಎದ್ದು ಮನೆಗೆ ನಡೆದಳು. ಸಬ್ಬತ್ತಿನಲ್ಲಿ ವಾಹನ ಹತ್ತಿ ಪ್ರಯಾಣ ಮಾಡುವುದೂ ಕೂಡದು. ಹುಟ್ಟು ಯಹೂದಿ ಹೋಗಿ ಹಡಗು ಹತ್ತಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲೆ ಆಕೆಗೆ ಪೌರತ್ವ ಸಿಕ್ಕಿತೇ?"

"ಅದಿರಲಿ, ಆ ಪೆನ್ನನ್ನು ನಿನ್ನ ಮುಂದೆ ಇಟ್ಟಿದ್ದರೆ ನೀನು ಏನು ಮಾಡುತ್ತಿದ್ದೆ?"