ಮಗ್ಗಿಗಿಂತ ಮೊದಲು ಕೇಳಬೇಕಾದದ್ದು

ಈ ಸಂಗತಿಯನ್ನು ನಮಗೆ ಮೊದಲು ಹೇಳಿದವರು ರಾಚಯ್ಯ ಮಾಸ್ತರರೇ. ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವ ದೊಡ್ಡ ಮನಸ್ಸು ಅವರದು.

ಕಡ್ಲಿಹಾಳದ ಗುರುಶಾಂತ ಶಿವಯೋಗಿಗಳ ಮಠವೆಂದರೆ ಮಣ್ಣಿನ ಗೋಡೆಯ ಎರಡೇ ಅಂಕಣ. ಒಂದರಲ್ಲಿ ಶಾಲೆ, ಇನ್ನೊಂದರಲ್ಲಿ ಅಡಿಗೆ. ಪೂಜ್ಯರು ಬೆಳಿಗ್ಗೆ ಜೋಳಿಗೆ ಹಿಡಿದು ಮನೆಮನೆಯ ಕಾಳು ತರುವರು. ಮಧ್ಯಾಹ್ನ ಮಕ್ಕಳಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಮಜ್ಜಿಗೆ. ಕೊನೆಯ ಮಗು ಉಂಡೆದ್ದ ಮೇಲೆಯೇ ತಾವು ಪ್ರಸಾದ ಸ್ವೀಕರಿಸುವರು.

ಆಗ ಹೊಸದಾಗಿ ಬಂದಿದ್ದ ರಾಚಯ್ಯ ಮಾಸ್ತರರಿಗೆ ಇದು ಸರಿಬರಲಿಲ್ಲ. "ಹೊಟ್ಟಿ ತುಂಬಿದ್ರ ತೂಕಡಿಕಿ ಬರ್ತದ, ವಿದ್ಯಾ ಎಲ್ಲಿಂದ ಬರ್ತದ?" ಎಂದು ಅಡಿಗೆಯ ಬಸಲಿಂಗವ್ವನ ಮುಂದೆ ಅಂದರು.

"ಹಂಗಾರ ನೀವ್ಯಾಕ ಮೂರನೇ ರೊಟ್ಟಿ ಕೇಳ್ತೀರಿ, ಮಾಸ್ತರ?" ಎಂದಳು ಆಕೆ.

ಮರುದಿನವೇ ಮಾಸ್ತರರು ಕಟ್ಟಳೆ ಮಾಡಿದರು: ಮಗ್ಗಿ ಒಪ್ಪಿಸದವರಿಗೆ ಊಟವಿಲ್ಲ. ಎಲ್ಲರೂ ಹೇಗೋ ಒಪ್ಪಿಸಿದರು. ಕುರಿಗಾರರ ಮನೆಯ ಎಂಟು ವರ್ಷದ ಗಾಳೆವ್ವ ಮಾತ್ರ ಏಳರ ಮಗ್ಗಿಯ ನಡುವೆಯೇ ನಿಂತುಬಿಟ್ಟಳು.

"ಇವತ್ತ ಬರಲಿಲ್ಲಂದ್ರ ನಾಳೆ ಹಾಜರಿಯೊಳಗಿಂದ ನಿನ್ನ ಹೆಸರ ತೆಗೀತೇನಿ. ಕುರಿ ಕಾಯಾಕ ಹೋಗು!" ಎಂದು ಮಾಸ್ತರರು ಗದರಿದರು.

ಊಟದ ಪಂಕ್ತಿ ಮುಗಿಯಿತು, ಹೊತ್ತು ಇಳಿಯಿತು. ಪೂಜ್ಯರು ಕುಳಿತಲ್ಲಿಂದ ಏಳಲಿಲ್ಲ. ಮಾಸ್ತರರು ಕೈಮುಗಿದು, "ಬುದ್ಧಿ, ಪ್ರಸಾದಕ್ಕ ದಯಮಾಡಿಸಬೇಕು" ಎಂದರು.

"ಇನ್ನೂ ಒಂದು ಕೂಸು ಉಂಡಿಲ್ಲಲ್ರೀ."

"ಆಕಿ ಮಗ್ಗಿ ಒಪ್ಪಿಸಿಲ್ಲ, ಬುದ್ಧಿ."

"ಮಗ್ಗಿ ಆಮ್ಯಾಲ ಕೇಳ್ರಿ. ಆಕಿ ಯಾವಾಗ ಉಂಡಾಳ, ಅದನ್ನ ಮೊದಲ ಕೇಳ್ರಿ."

ಮಾಸ್ತರರು ಕೇಳಿದರು. ಹುಡುಗಿ ಅಳಲಿಲ್ಲ, ದೂರಲಿಲ್ಲ. "ನಿನ್ನಿ ಇಲ್ಲೇ ಉಂಡಿದ್ನೆಲ್ರೀ, ಮಾಸ್ತರ. ನೀವೂ ನೋಡೀರಿ."

ಮಾಸ್ತರರಿಗೆ ಆಗ ತಿಳಿಯಿತು: ನಿನ್ನೆ ಮಧ್ಯಾಹ್ನದ ಮೇಲೆ ಆ ಹೊಟ್ಟೆಗೆ ಏನೂ ಬಿದ್ದಿಲ್ಲ. ತಾವು ಅದಕ್ಕೆ ಏಳರ ಮಗ್ಗಿ ಕೇಳುತ್ತಿದ್ದಾರೆ! ಅವರೇ ಹೋಗಿ ತಾಟು ತಂದರು, ರೊಟ್ಟಿ ಪಲ್ಯ ಬಡಿಸಿದರು. ಅವಳು ಮಜ್ಜಿಗೆ ಕುಡಿದೆದ್ದ ಮೇಲೆ ಪೂಜ್ಯರು ಪ್ರಸಾದಕ್ಕೆ ಕುಳಿತರು.

ಅಂದೇ ಮಗ್ಗಿ ಬಂತೆಂದರೆ ಸುಳ್ಳಾದೀತು. ಕಟ್ಟಳೆ ಹೋಯಿತು, ಹೆಸರು ಉಳಿಯಿತು. ಬೆಳಿಗ್ಗೆ ಬಂದ ಮಕ್ಕಳಿಗೆಲ್ಲ ಒಂದು ಹಿಡಿ ನೆನೆಸಿದ ಕಡಲೆ, ಚೂರು ಬೆಲ್ಲ ಕೊಡುವ ರೂಢಿಯನ್ನು ಮಾಸ್ತರರೇ ಹಾಕಿದರು. ದೀಪಾವಳಿಯ ಹೊತ್ತಿಗೆ ಗಾಳೆವ್ವನ ಮುಖಕ್ಕೆ ಕಳೆ ಬಂದಿತ್ತು. ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿಗೆ ಹೇಳಿ, ತಪ್ಪಿದವರನ್ನು ನೋಡಿ ನಗುವಳು. ರಾಚಯ್ಯ ಮಾಸ್ತರರು ಮಾತ್ರ ನಿವೃತ್ತರಾಗುವವರೆಗೂ, ಹಾಜರಿ ಕೂಗುವ ಮೊದಲು ಒಂದೊಂದು ಮಗುವನ್ನೂ "ಏನ ತಿಂದ ಬಂದೀ?" ಎಂದು ಕೇಳದೆ ಪುಸ್ತಕ ತೆರೆಯಲಿಲ್ಲ.

ಓದಿದ ಶರಣರು ಇದನ್ನು ತಮ್ಮೂರ ಶಾಲೆಯ ಮಾಸ್ತರರಿಗೂ ಅಡಿಗೆಯವರಿಗೂ ಹೇಳಬೇಕು. ಮಕ್ಕಳು ಉಣ್ಣುವ ಹೊತ್ತಿಗೆ ಹೋಗಿ ಹೇಳಿದರೆ ಇನ್ನೂ ಒಳ್ಳೆಯದು.