ಸೀಸೆಗೆ ಹಚ್ಚಿದ ಬೇವು

“ಬುದ್ಧಿ, ಒಳ್ಳೆಯದನ್ನು ಕೈಗೆ ಕೊಟ್ಟರೂ ಬೇಡವೆಂದು ಎದ್ದು ಹೋಗುವವರಿಗೆ ಏನು ಮಾಡಬೇಕು?”

ಮಠದ ಹಿರಿಯ ಗುರುಗಳನ್ನು ಶಿಷ್ಯ ಚೆನ್ನಮಲ್ಲ ಹೀಗೆ ಕೇಳಿದ. ಕೇಳುವಾಗ ಕೈ ಮುಗಿದಿದ್ದ. ದನಿ ಮಾತ್ರ ಜಗಳಕ್ಕೆ ನಿಂತವನದಾಗಿತ್ತು. ಅವನ ಸಿಟ್ಟಿಗೆ ಕಾರಣವಿತ್ತು. ಅದನ್ನು ಮೊದಲು ಹೇಳಿದರೆ ಮುಂದಿನದು ಸರಿಯಾಗಿ ತಿಳಿಯುತ್ತದೆ.

ಪ್ರತಿ ಸೋಮವಾರ ಸಂಜೆ ಊರಿನ ಹೆಂಗಸರು ಮಠದ ಅಂಗಳದಲ್ಲಿ ಕುಳಿತು ದೇವರ ಪದ ಹಾಡುತ್ತಿದ್ದರು. ಅವರಿಗೆ ಓದು ಬಾರದು. ತಾಯಿ ಹಾಡಿದ್ದನ್ನು ಮಗಳು, ಅತ್ತೆ ಹಾಡಿದ್ದನ್ನು ಸೊಸೆ ಕೇಳಿ ಕಲಿತದ್ದು. ಕಿವಿಯಿಂದ ಕಿವಿಗೆ ಬಂದ ಪದಗಳಾದ್ದರಿಂದ ಅಲ್ಲಲ್ಲಿ ಮಾತು ಕೆಟ್ಟಿತ್ತು. ಇವರಿಗೆ ಅಕ್ಷರ ಕಲಿಸು, ಪದಗಳನ್ನು ತಾವೇ ಓದಿಕೊಳ್ಳುವಂತಾಗಲಿ ಎಂದು ಗುರುಗಳು ಚೆನ್ನಮಲ್ಲನಿಗೆ ಹೇಳಿದ್ದರು. ಅವನು ಸಂತೋಷದಿಂದ ಒಪ್ಪಿಕೊಂಡ. ಪೇಟೆಯಿಂದ ಸ್ಲೇಟು, ಬಳಪ ತಂದ. ಪದಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ. ಅಂದರೆ, ಕೆಲಸದಲ್ಲಿ ಅವನು ಏನೂ ಕಡಿಮೆ ಮಾಡಿರಲಿಲ್ಲ.

ಮೊದಲ ದಿನವೇ ಕಿರಿಕಿರಿಯಾಯಿತು. ಮುಂದಾಳಾಗಿ ಹಾಡುತ್ತಿದ್ದ ಪುಟ್ಟಮಾದಮ್ಮ ‘ಭವಸಾಗರ’ ಎನ್ನಬೇಕಾದ ಕಡೆ ‘ಬಾವಿಸಾಗರ’ ಎಂದಳು. ಹಿಂದೆ ಕುಳಿತವರೆಲ್ಲ ಹಾಗೆಯೇ ಎಂದರು.

“ಬಾವಿಯೊಳಗೆ ಯಾವ ಸಾಗರ ಇರುತ್ತದಮ್ಮ?” ಎಂದು ಚೆನ್ನಮಲ್ಲ ಕೇಳಿದ.

“ನಾವು ಕಂಡಿರೋ ನೀರು ಬಾವೀದೇ, ಬುದ್ಧಿ. ಸಾಗರಾನ ನೀವೇ ನೋಡ್ಕೊಂಡು ಬಂದು ಹೇಳಿ, ಹಂಗೇ ಹಾಡೋಣ” ಎಂದಳು ಪುಟ್ಟಮಾದಮ್ಮ. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಆ ನಗು ಅವನಿಗೆ ನಾಟಿತು.

“ಇನ್ನು ಮೇಲೆ ಹಾಡುವುದು ನಿಲ್ಲಲಿ” ಎಂದ. “ಗಿಳಿ ಒದರಿದ ಹಾಗೆ ಒದರುತ್ತೀರಿ. ಅರ್ಥ ಗೊತ್ತಿಲ್ಲ, ಮಾತು ಸರಿಯಿಲ್ಲ. ಇದನ್ನು ಕೇಳಿ ದೇವರಿಗೇ ನಾಚಿಕೆಯಾಗಬೇಕು. ಓದು ಕಲಿತವರು ಮಾತ್ರ ಬಾಯಿ ತೆರೆಯಿರಿ.”

ಹಾಡಿನ ಮೇಲೆ ಬೇಸರ ಹುಟ್ಟಿದರೆ ಓದಿಗೆ ಬರುತ್ತಾರೆ ಎಂದು ಅವನು ಎಣಿಸಿದ್ದ. ಹೆಂಗಸರು ಹಾಡು ಬಿಟ್ಟರು. ಓದಿಗೂ ಬರಲಿಲ್ಲ. ಸ್ವಲ್ಪ ದಿನ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತು ಎದ್ದುಹೋದರು. ಆಮೇಲೆ ಅದೂ ನಿಂತಿತು. ಈ ಸೋಮವಾರ ಅಂಗಳದಲ್ಲಿ ಚೆನ್ನಮಲ್ಲನೊಬ್ಬನೇ ಕುಳಿತಿದ್ದ.

“ನಾನು ಅವರಿಗೆ ವಿಷ ಕೊಟ್ಟೆನೇ, ಬುದ್ಧಿ? ಅಕ್ಷರ ಕೊಟ್ಟೆ. ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ಮೊನ್ನೆ ನಲ್ಲಿಯ ಹತ್ತಿರ ಒಬ್ಬಳು, ‘ದೊಡ್ಡಬುದ್ಧಿ ದೊಡ್ಡಬುದ್ಧೀನೇ, ಇವರದು ಬರೀ ಚಿಕ್ಕಬುದ್ಧಿ’ ಎಂದಳು. ನನಗೆ ಕೇಳಲಿ ಎಂದೇ ಅಂದಳು!”

ಆ ಸೀಮೆಯಲ್ಲಿ ಮಠದ ಹಿರಿಯರನ್ನು ದೊಡ್ಡಬುದ್ಧಿ ಎಂದೂ ಕಿರಿಯರನ್ನು ಚಿಕ್ಕಬುದ್ಧಿ ಎಂದೂ ಗೌರವದಿಂದ ಕರೆಯುವುದು ವಾಡಿಕೆ. ನಲ್ಲಿಯ ಹತ್ತಿರ ಆ ಹೆಂಗಸು ಗೌರವದಿಂದ ಹೇಳಿರಲಿಲ್ಲ. ಅದು ಚೆನ್ನಮಲ್ಲನಿಗೂ ಗೊತ್ತಿತ್ತು.

“ಇಂಥವರಿಗೆ ಓದು ಯಾಕೆ? ಅಪ್ಪಣೆ ಕೊಡಿ, ಸ್ಲೇಟುಗಳನ್ನೆಲ್ಲ ಅಂಗಡಿಗೆ ಹಿಂದಿರುಗಿಸಿ ಬರುತ್ತೇನೆ.”

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿಗೆ ಒಂದು ಗಂಡು ಮಗುವಿತ್ತು. ತಾಯಿಗೆ ಎದೆಹಾಲು ಸಾಲದ್ದರಿಂದ ಮಗು ಮೊದಲಿನಿಂದಲೂ ಸೀಸೆಯಲ್ಲಿ ಹಸುವಿನ ಹಾಲು ಕುಡಿದು ಬೆಳೆಯಿತು. ಓಡಾಡುವ ವಯಸ್ಸಾದರೂ ಸೀಸೆ ಬಿಡಲಿಲ್ಲ. ನಡೆಯುವಾಗಲೂ ಸೀಸೆ ಬಾಯಲ್ಲಿ, ಮಲಗುವಾಗಲೂ ಸೀಸೆ ಬಾಯಲ್ಲಿ. ಹಾಲುಹಲ್ಲುಗಳ ಮೇಲೆ ಕಪ್ಪು ಚುಕ್ಕೆ ಬಿದ್ದವು. ವೈದ್ಯರು ನೋಡಿ, ಇನ್ನು ಸೀಸೆ ಬಿಡಿಸಿ ಲೋಟದಲ್ಲಿ ಕುಡಿಸಿ ಎಂದರು. ವೈದ್ಯರ ಮಾತು ಸರಿಯಾಗಿತ್ತು. ತಾಯಿಗೂ ಸರಿ ಎನ್ನಿಸಿತು. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ತಾಯಿ ಸಂತೆಯಿಂದ ಪುಟ್ಟ ಲೋಟ ತಂದಳು. ಹಾಲು ತುಂಬಿ ಮಗುವಿನ ತುಟಿಗೆ ಹಿಡಿದಳು. ಮಗುವಿಗೆ ಚೀಪುವುದು ಗೊತ್ತಿತ್ತು, ಗುಟುಕು ಗುಟುಕಾಗಿ ನುಂಗುವುದು ಗೊತ್ತಿರಲಿಲ್ಲ. ಹಾಲು ಗಲ್ಲದ ಮೇಲೆ ಹರಿದು ಅಂಗಿಗೆ ಇಳಿಯಿತು. ಮಗು ಲೋಟವನ್ನು ತಳ್ಳಿ ಸೀಸೆಗೆ ಕೈ ಚಾಚಿತು. ಎದುರುಮನೆಯವಳು ನೋಡಿ, “ನಿನ್ನ ಮಗ ಹಸೆಮಣೆಗೂ ಸೀಸೆ ಹಿಡ್ಕೊಂಡೇ ಏರ್ತಾನೆ ಬಿಡಮ್ಮ” ಎಂದು ನಕ್ಕಳು.

ತಾಯಿಗೆ ಮೈ ಉರಿಯಿತು. ಎದೆಹಾಲು ಬಿಡಿಸುವಾಗ ಹೆಂಗಸರು ಬೇವು ಹಚ್ಚಿಕೊಳ್ಳುವುದನ್ನು ಅವಳು ಕಂಡಿದ್ದಳು. ಬೇವಿನ ಸೊಪ್ಪು ಅರೆದು ಸೀಸೆಯ ರಬ್ಬರು ತೊಟ್ಟಿಗೆ ಬಳಿದಳು. ಸೀಸೆ ಕಹಿಯಾದರೆ ಮಗು ತಾನಾಗಿ ಲೋಟಕ್ಕೆ ಬರುತ್ತದೆ ಎಂದುಕೊಂಡಳು.

ಮಗು ಚೀಪಿತು. ಮುಖ ಕಿವಿಚಿ ಚೀರಿತು. ಸೀಸೆಯನ್ನು ಎಸೆಯಿತು. ಗೆದ್ದೆ ಎಂದುಕೊಂಡು ತಾಯಿ ಲೋಟ ತಂದಳು. ಹಾಲಿನ ವಾಸನೆ ಬಂದೊಡನೆ ಮಗು ಬಾಯಿ ಬಿಗಿದು ಅತ್ತ ತಿರುಗಿತು. ಸಕ್ಕರೆ ಹಾಕಿದಳು, ಕುಡಿಯಲಿಲ್ಲ. ಏಲಕ್ಕಿ ಹಾಕಿದಳು, ಕುಡಿಯಲಿಲ್ಲ. ಮೂಗು ಹಿಡಿದು ಬಾಯಿಗೆ ಹುಯ್ದಳು, ಎಲ್ಲವನ್ನೂ ಕಕ್ಕಿತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮಗು ಸೊರಗತೊಡಗಿತು. ತಾಯಿ ಲೋಟ ಹಿಡಿದು ಬಂದರೆ ಬಾಗಿಲ ಹಿಂದೆ ಅಡಗಿಕೊಳ್ಳುತ್ತಿತ್ತು.

ಇಲ್ಲಿ ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. “ಇದರಲ್ಲಿ ತಾಯಿಯ ತಪ್ಪೇನು, ಬುದ್ಧಿ? ಮಗುವಿನ ಹಲ್ಲು ಕೆಡಬಾರದು ಎಂದು ಮಾಡಿದಳು. ಮಗುವಿನ ಒಳ್ಳೆಯದಕ್ಕೇ ಮಾಡಿದಳು. ಅವಳಿಂದಲೇ ಓಡುವುದೆಂದರೆ ಏನು ನ್ಯಾಯ?”

“ಅವಳೂ ಹೀಗೆಯೇ ಕೂಗಾಡಿದಳು” ಎಂದು ಗುರುಗಳು ಕತೆ ಮುಂದುವರಿಸಿದರು.

ಮಗಳ ಮನೆಗೆ ಹೋಗಿದ್ದ ಅತ್ತೆ ಆ ದಿನ ಊರಿಗೆ ಮರಳಿದ್ದಳು. ಅವಳು ಹೊಸಿಲು ದಾಟುವ ಮೊದಲೇ ಸೊಸೆ ಶುರು ಮಾಡಿದಳು.

“ನೋಡಿ ಅತ್ತೆ, ನಿಮ್ಮ ಮೊಮ್ಮಗನ ಹಟಾನ! ಗಟ್ಟಿ ಹಾಲು, ಹೊಸ ಲೋಟ, ಮೇಲೆ ಸಕ್ಕರೆ. ನಾನೇನು ಕಡಿಮೆ ಮಾಡಿದೀನಿ ಇವನಿಗೆ? ನನ್ನ ಕಂಡರೆ ಪೊಲೀಸರನ್ನ ಕಂಡ ಹಾಗೆ ಓಡ್ತಾನೆ. ಹೆತ್ತವಳು ನಾನು!”

ಅತ್ತೆ ನಡೆದದ್ದನ್ನೆಲ್ಲ ಕೇಳಿಸಿಕೊಂಡಳು. “ಬೇವು ಯಾವುದಕ್ಕೆ ಹಚ್ಚಿದೆ?” ಎಂದಳು.

“ಸೀಸೆಗೆ. ಹಾಲಿಗೆ ಒಂದು ತೊಟ್ಟೂ ಹಾಕಿಲ್ಲ.”

“ಸೀಸೆ ಬೇರೆ, ಹಾಲು ಬೇರೆ ಅಂತ ಅವನಿಗೆ ಯಾರವ್ವ ಹೇಳಿದ್ದು?”

ಅತ್ತೆಯ ಮಾತಿನ ಅರ್ಥ ಇಷ್ಟು. ದೊಡ್ಡವರಿಗೆ ಪಾತ್ರೆ ಒಂದು, ಒಳಗಿರುವುದು ಇನ್ನೊಂದು. ಮಗುವಿಗೆ ಹಾಗಲ್ಲ. ಹುಟ್ಟಿದಂದಿನಿಂದ ಹಾಲಿನ ಜೊತೆಗೆ ಆ ತೊಟ್ಟೇ ಬಾಯಿಗೆ ಬಂದಿತ್ತು. ತಾಯಿ ಕಹಿ ಬಳಿದದ್ದು ತೊಟ್ಟಿಗೆ. ಮಗುವಿನ ಪಾಲಿಗೆ ಕಹಿಯಾದದ್ದು ಹಾಲು. ಕಹಿ ಕೊಟ್ಟ ಕೈ ಯಾವುದು ಎಂಬುದನ್ನೂ ಅದು ನೋಡಿತ್ತು.

ಅತ್ತೆ ಕೈಕಾಲು ತೊಳೆದು ಬಂದು, ಒಂದು ಲೋಟ ನೀರುಮಜ್ಜಿಗೆ ಹಿಡಿದು ನೆಲದ ಮೇಲೆ ಕುಳಿತಳು. ಮಗುವನ್ನು ಕರೆಯಲಿಲ್ಲ. ತನ್ನ ಪಾಡಿಗೆ ತಾನು ಕುಡಿದಳು. ಮಗು ಬಾಗಿಲ ಹಿಂದಿನಿಂದ ಇಣುಕಿತು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು ಲೋಟದೊಳಗೆ ಬಗ್ಗಿ ನೋಡಿತು. ಅವಳು ಮಗುವಿನ ಲೋಟವನ್ನು ಬರಿದಾಗಿಯೇ ಅದರ ಕೈಗೆ ಕೊಟ್ಟಳು. ಮಗು ಅದನ್ನು ನೆಲಕ್ಕೆ ಬಡಿಯಿತು, ತಲೆಯ ಮೇಲೆ ಕವುಚಿಕೊಂಡಿತು, ಅಜ್ಜಿಯ ಹಾಗೆ ಬಾಯಿಗೆ ಇಟ್ಟುಕೊಂಡು ಬರೀ ಗಾಳಿ ಕುಡಿಯಿತು. ಆಗ ಅವಳು ಲೋಟದ ತಳಕ್ಕೆ ಒಂದು ಗುಟುಕು ನೀರು ಹಾಕಿದಳು. ಅರ್ಧ ಒಳಗೆ ಹೋಯಿತು, ಅರ್ಧ ಹೊಟ್ಟೆಯ ಮೇಲೆ ಇಳಿಯಿತು.

“ಚೆಲ್ಲುತ್ತಾನೆ, ಅತ್ತೆ!” ಎಂದು ಸೊಸೆ ಕೈ ಚಾಚಿದಳು. ಮಗು ಅವಳ ಕೈ ಕಂಡದ್ದೇ ಅಜ್ಜಿಯ ಬೆನ್ನ ಹಿಂದೆ ಸರಿಯಿತು.

“ನೀನು ಹುಟ್ಟಿದ ದಿನವೇ ಲೋಟ ಎತ್ತಿ ಕುಡಿದೆಯಾ? ಸುಮ್ಮನಿರು” ಎಂದಳು ಅತ್ತೆ. ಮತ್ತೊಂದು ಗುಟುಕು ನೀರು ಹಾಕಿದಳು. ಮಾರನೆಯ ದಿನ ನೀರಿನ ಬದಲು ಮಜ್ಜಿಗೆ ಹಾಕಿದಳು. ಹಾಲಿನ ಸುದ್ದಿಗೆ ಹೋಗಲು ಅವಳು ಅವಸರ ಪಡಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಕತೆ ಮುಗಿಯಿತೋ ಇಲ್ಲವೋ ಚೆನ್ನಮಲ್ಲನಿಗೆ ತಿಳಿಯಲಿಲ್ಲ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಮಗು ಬದುಕಿಕೊಳ್ಳಲಿ ಎಂದು ಅವನಿಗೆ ಅನ್ನಿಸಿತ್ತು. ಸೋಮವಾರದ ಬರಿದಾದ ಅಂಗಳವೂ ಕಣ್ಣ ಮುಂದೆ ಬಂದಿತ್ತು.

“ಕೊನೆಗೆ ಮಗು ಲೋಟದಲ್ಲಿ ಹಾಲು ಕುಡಿಯಿತೋ ಇಲ್ಲವೋ? ಅದನ್ನಾದರೂ ಹೇಳಿ, ಬುದ್ಧಿ” ಎಂದ.

“ಕುಡಿಯಿತು, ಚೆನ್ನಮಲ್ಲ, ಅಜ್ಜಿ ಕೊಟ್ಟರೆ ಮಾತ್ರ.”